ಹಸಿ ಸೊಪ್ಪಿನ ತೂಕ

ಭಾಗ್ಯ ಬದುಕಿದ್ದಾಳೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಅವಳು ಉಳಿಯುತ್ತಾಳೋ ಇಲ್ಲವೋ ಎಂದು ಕಾಯುವ ಕಷ್ಟ ಓದುವವರಿಗೆ ಬೇಡ. ಮೈಸೂರಿನ ಆಸ್ಪತ್ರೆಯೊಂದರ ಕಾರಿಡಾರಿನಲ್ಲಿ ಹದಿನಾರು ದಿನ ನಾವು ಕಾದಿದ್ದೇವೆ, ಅದು ಸಾಕು.

ಭಾಗ್ಯ ನನ್ನ ಓರಗಿತ್ತಿ, ಮೈದುನ ಮಹದೇವನ ಹೆಂಡತಿ. ನನಗಿಂತ ಆರು ವರ್ಷ ಚಿಕ್ಕವಳು. ಹುಣಸೂರಿನಿಂದ ಪಿರಿಯಾಪಟ್ಟಣದ ಕಡೆಗೆ ಹೋಗುವ ರಸ್ತೆಯಿಂದ ಒಂದೂವರೆ ಮೈಲಿ ಒಳಗೆ ನಮ್ಮ ಊರು. ಅಣ್ಣತಮ್ಮಂದಿರು ಬೇರೆಯಾಗಿಲ್ಲ. ಒಂದೇ ಒಲೆ, ಒಂದೇ ಹೊಲ, ಹಿತ್ತಲಿನಾಚೆ ಎರಡು ಬ್ಯಾರನ್. ಬ್ಯಾರನ್ ಎಂದರೆ ಹೊಗೆಸೊಪ್ಪು ಬೇಯಿಸುವ ಎತ್ತರದ ಕೋಣೆ. ಹೊರಗಿನ ಒಲೆಗೆ ಸೌದೆ ಹಾಕಿದರೆ ಬಿಸಿ ತಗಡಿನ ಕೊಳವೆಗಳಲ್ಲಿ ಹರಿದು ಒಳಗೆ ತುಂಬಿಕೊಳ್ಳುತ್ತದೆ. ಕಡ್ಡಿಗೆ ಕಟ್ಟಿ ಮೇಲೆ ತೂಗುಹಾಕಿದ ಹಸಿರೆಲೆ ಮೊದಲ ಎರಡು ದಿನ ಸಣ್ಣ ಬಿಸಿಯಲ್ಲಿ ಹಳದಿಗೆ ತಿರುಗುತ್ತದೆ, ಆಮೇಲೆ ಬಿಸಿ ಏರಿಸಿ ಒಣಗಿಸುತ್ತಾರೆ.

ನಾನು ಕೆ.ಆರ್. ನಗರದ ಸೀಮೆಯವಳು, ಹೊಸ ಅಗ್ರಹಾರದ ಹತ್ತಿರದ ಭತ್ತದ ಊರಲ್ಲಿ ಬೆಳೆದವಳು. ಬಿ.ಎ. ಮುಗಿಸಿ ಮದುವೆಯಾಗಿ ಬಂದು ಐದು ವರ್ಷವಾದರೂ ನನಗೆ ಹೊಗೆಸೊಪ್ಪಿನ ಕೆಲಸ ಬರುತ್ತಿರಲಿಲ್ಲ. ಕಲಿಸಿದ್ದು ನನ್ನ ನಂತರ ಈ ಮನೆಗೆ ಬಂದ ಭಾಗ್ಯ. ರಾವಂದೂರಿನ ಕಡೆಯ ಅವಳು ಎಲೆಯ ನಡುವೆಯೇ ಹುಟ್ಟಿದವಳು. ಬ್ಯಾರನ್ ಬಾಗಿಲು ತೆಗೆದು ಮೂಗಿನಿಂದಲೇ ಎಲೆಯ ಹದ ಹೇಳುತ್ತಿದ್ದಳು. ಮನೆಯ ಕೆಲಸ ಹಾಗೇ ಹಂಚಿಹೋಗಿತ್ತು. ಹೊಲ, ಬ್ಯಾರನ್ ಅವಳದು. ಓದಿದವಳೆಂದು ಮಕ್ಕಳ ಶಾಲೆ, ಅರ್ಜಿ, ಆಸ್ಪತ್ರೆ ನನ್ನದು.

ಹಾಗಾಗಿ ಅವಳಿಗೆ ವಿಪರೀತ ಸುಸ್ತು, ಬಾಯಾರಿಕೆ ಶುರುವಾದಾಗ ಹುಣಸೂರಿಗೆ ಕರೆದುಕೊಂಡು ಹೋದವಳು ನಾನೇ. ಯುಗಾದಿ ಕಳೆದು ಹದಿನೈದು ದಿನವಾಗಿತ್ತು. ಕ್ಲಿನಿಕ್ಕಿನಲ್ಲಿ ನಮ್ಮ ಟೋಕನ್ ಬರುವ ಹೊತ್ತಿಗೆ ಮಧ್ಯಾಹ್ನ. ಎದುರು ಬೆಂಚಿನಲ್ಲಿ ಒಬ್ಬ ಮುದುಕರು ಪಾದಕ್ಕೆ ಬ್ಯಾಂಡೇಜು ಸುತ್ತಿಕೊಂಡು ಕೂತಿದ್ದರು. ಬ್ಯಾಂಡೇಜಿನ ತುದಿಯಲ್ಲಿ ಬೆರಳುಗಳಿರಬೇಕಾದ ಕಡೆ ಚಪ್ಪಟೆಯಾಗಿತ್ತು. ಭಾಗ್ಯ ಒಂದೂವರೆ ಗಂಟೆ ಅದನ್ನೇ ನೋಡಿದಳು.

"ಅಕ್ಕ, ಅದೂ ಸಕ್ರೆ ಕಾಯ್ಲೆನೇ ಅಲ್ವಾ?" ಎಂದು ನನ್ನ ಕಿವಿಯಲ್ಲಿ ಕೇಳಿದಳು.

"ಇರಬಹುದು. ನಿನಗೆ ಬಂದಿದೆ ಅಂತ ಯಾರು ಹೇಳಿದ್ರು? ಸುಮ್ನಿರು."

ಬಂದಿತ್ತು. ಡಾಕ್ಟರಮ್ಮ ಒಳ್ಳೆಯವರು, ಆದರೆ ಹೊರಗೆ ನಲವತ್ತು ಜನ ಕಾಯುತ್ತಿದ್ದರು. "ಮಾತ್ರೆ ನಾನು ಕೊಡ್ತೀನಿ, ತೂಕ ನೀವು ಇಳಿಸ್ಬೇಕು. ದಿನಾ ನಡೀರಿ, ಅನ್ನ ಕಮ್ಮಿ ಮಾಡಿ. ಹತ್ತು ಕೆ.ಜಿ. ಇಳಿಸಿದ್ರೆ ಅರ್ಧ ಕಾಯಿಲೆ ಹೋದ ಹಾಗೆ" ಎಂದರು. ಭಾಗ್ಯ ಆಗ ಎಂಬತ್ತನಾಲ್ಕು ಕೆ.ಜಿ. ಇದ್ದಳು. ಅವರು ಹೇಳಿದ ಹತ್ತು ಮಾತುಗಳಲ್ಲಿ ಅವಳ ಮನಸ್ಸಿನಲ್ಲಿ ನಿಂತದ್ದು ಕೊನೆಯದೊಂದೇ.

ಮನೆಯಲ್ಲಿ ಅತ್ತೆಗೆ ಇದು ಒಪ್ಪಿಗೆಯೇ ಆಗಲಿಲ್ಲ. "ಅದು ಕೂತು ಉಣ್ಣೋರ್ಗೆ ಬರೋ ಕಾಯ್ಲೆ ಕಣಮ್ಮಿ. ಗೇಯೋ ಮೈಗೆ ಎಂಗ್ ಬಂದದು? ನಿಮ್ಮವ್ವಂಗೇನಾರ ಇತ್ತಾ?" ಎಂದು ಕೇಳಿದರು. ಮಹದೇವ ಭಾಗ್ಯಳನ್ನು ನಗಿಸಲು ನೋಡಿದ. "ಒಳ್ಳೇದೇ ಆಯ್ತು ಬುಡವ್ವ. ಸಕ್ರೆ ಒಳಗೇ ತಯಾರಾಯ್ತದೆ ಅಂದ್ರೆ ಇನ್ಮೇಲೆ ಕಾಫಿಗೆ ತರಂಗಿಲ್ಲ." ಅವನು ಕೆಟ್ಟವನಲ್ಲ. ನಮ್ಮ ಮನೆಯಲ್ಲಿ ಹೆದರಿಕೆಯಾದಾಗ ಎಲ್ಲರೂ ತಮಾಷೆ ಮಾಡುತ್ತಾರೆ, ಅಷ್ಟೇ.

ಮಾರನೆಯ ದಿನದಿಂದಲೇ ನಡಿಗೆ ಶುರುವಾಯಿತು. ಒಬ್ಬಳೇ ಹೋಗಲು ನಾಚಿಕೆ ಎಂದಳು, ನಾನು ಜೊತೆಗೆ ಹೊರಟೆ. ಬೆಳಿಗ್ಗೆ ಐದೂವರೆಗೆ ಮನೆ ಬಿಟ್ಟರೆ ಮುಖ್ಯರಸ್ತೆಯ ಬಸ್ ಸ್ಟಾಪಿಗೆ ಹೋಗಿ ವಾಪಸ್ ಬರುವುದು. ಡೈರಿ ಮುಂದೆ ಹಾಲಿನ ಕ್ಯಾನು ಹಿಡಿದು ನಿಂತವರಿಗೆ ನಾವೇ ಬೆಳಗಿನ ಸಿನಿಮಾ.

"ಏನವ್ವಾ, ಓರ್ಗಿತ್ತೀರಿಬ್ರೂ ಮನೆ ಬುಟ್ಟು ಓಯ್ತಾ ಇದ್ದೀರಾ?"

"ಊಂ ಕಣಣ್ಣ, ಇವತ್ತು ಬಸ್ ಸ್ಟಾಪ್ ಗಂಟ, ನಾಳೆ ಮೈಸೂರ್ ಗಂಟ!" ಎನ್ನುತ್ತಿದ್ದಳು ಭಾಗ್ಯ. ಆಗಿನ್ನೂ ಅವಳಿಗೆ ಬಾಯಿತ್ತು.

ಅವಳು ಏನನ್ನೂ ಅರ್ಧಂಬರ್ಧ ಮಾಡುವವಳಲ್ಲ. ಎರಡು ಮುದ್ದೆಯ ಜಾಗದಲ್ಲಿ ಒಂದು, ಅದೂ ಕಿತ್ತಳೆ ಗಾತ್ರದ್ದು. ರಾತ್ರಿ ಅನ್ನ ಇಲ್ಲ. ಅಣ್ಣನ ಮಗನ ನಾಮಕರಣಕ್ಕೆ ತವರಿಗೆ ಹೋದಾಗ ಅವರವ್ವ ಒತ್ತಾಯ ಮಾಡಿ ಬಡಿಸಿದ ಒಬ್ಬಟ್ಟನ್ನು ನನ್ನ ಎಲೆಗೆ ಹಾಕಿದಳು. ಸಸಿ ನೆಡುವ ದಿನಗಳಲ್ಲಿ ಹೊಲದಲ್ಲಿ ಬಗ್ಗಿ ಬಗ್ಗಿ ಸೊಂಟ ಬಿದ್ದುಹೋದರೂ ನಡಿಗೆ ತಪ್ಪಿಸಲಿಲ್ಲ. ನಾನು ಹಾಸಿಗೆಯಲ್ಲಿ ಹೊರಳುತ್ತಿದ್ದರೆ ಬಾಗಿಲ ಹತ್ತಿರ ಬಂದು, "ಅಕ್ಕ, ಕಾಯ್ಲೆ ನಂಗೆ ಬಂದದೆ, ನಿದ್ದೆ ನಿಮ್ಗೆ ಬಂದದೆ. ಏಳಿ ಏಳಿ" ಎಂದು ಎಬ್ಬಿಸುತ್ತಿದ್ದಳು.

ಭಾನುವಾರ ತೂಕ ನೋಡುವುದು. ಹೊಗೆಸೊಪ್ಪಿನ ಮನೆಗಳಲ್ಲಿ ಗ್ರೇಡ್ ಚೀಟಿ ಹಚ್ಚಿ ಹರಾಜಿಗಿಡುವ ಒಣ ಎಲೆಯ ಮೂಟೆ, ಅಂದರೆ ಬೇಲ್ ತೂಗುವ ದೊಡ್ಡ ತೂಕದ ಯಂತ್ರ ಇದ್ದೇ ಇರುತ್ತದೆ. ನಮ್ಮದು ಶೆಡ್ಡಿನಲ್ಲಿತ್ತು. ಸ್ನಾನ ಮಾಡಿ ಇಬ್ಬರೂ ಅದರ ಮೇಲೆ ಹತ್ತುತ್ತಿದ್ದೆವು. ಮಹದೇವ ಹರಾಜು ಕೂಗುವವನಂತೆ ಓದುತ್ತಿದ್ದ. "ಎಂಬತ್ನಾಲ್ಕೂ… ಎಂಬತ್ನಾಲ್ಕೂ… ಇಳ್ಸೋರು ಯಾರಾದ್ರೂ ಇದ್ದೀರಾ?" ನಮ್ಮನೆಯವರು, ಅತ್ತೆ, ಮಕ್ಕಳು ಎಲ್ಲರೂ ಸುತ್ತ ನಿಂತಿರುತ್ತಿದ್ದರು.

ನಾನು ಇಳಿದೆ. ಅರವತ್ತಾರು ಇದ್ದವಳು ಎರಡೂವರೆ ತಿಂಗಳಲ್ಲಿ ಅರವತ್ತೊಂದಾದೆ. ಕಾಯಿಲೆಯಿಲ್ಲದ ನಾನು, ಜೊತೆಗೆ ಮಾತ್ರ ಹೋದ ನಾನು. ಭಾಗ್ಯ ಎಂಬತ್ತಮೂರೂವರೆಗೆ ಬಂದಳು, ಮತ್ತೆ ಎಂಬತ್ತನಾಲ್ಕು, ಒಂದು ವಾರ ಎಂಬತ್ತನಾಲ್ಕೂವರೆ. ಅದೇ ದಾರಿಯಲ್ಲಿ ಅಷ್ಟೇ ದೂರ ನಡೆದಿದ್ದೆವು. ಅವಳು ತಿನ್ನುತ್ತಿದ್ದದ್ದು ನನಗಿಂತ ಕಮ್ಮಿ.

ನನಗೆ ಒಳಗೊಳಗೇ ಖುಷಿಯಾಗುತ್ತಿತ್ತು. ಇದನ್ನು ಮುಚ್ಚಿಟ್ಟರೆ ಉಳಿದದ್ದನ್ನು ಬರೆದು ಪ್ರಯೋಜನವಿಲ್ಲ. ರವಿಕೆಗಳನ್ನೆಲ್ಲ ಹಿಡಿಸಿಕೊಂಡು ಬಂದೆ. ಊರಿನ ಹೆಂಗಸರು "ಕಾಲೇಜ್ ಉಡ್ಗಿ ಕಂಡಂಗೆ ಕಾಣ್ತಿಯಲ್ಲವ್ವ" ಎಂದಾಗ ಭಾಗ್ಯ ಪಕ್ಕದಲ್ಲೇ ಇದ್ದಾಳೆ ಎಂಬುದನ್ನು ಮರೆತು ನಿಂತು ಮಾತಾಡುತ್ತಿದ್ದೆ. "ನನ್ ಪಾಲಿಂದೂ ನೀವೇ ಇಳಿಸ್ಬುಟ್ರಿ ಅಕ್ಕ" ಎಂದು ಅವಳು ಒಮ್ಮೆ ನಗುತ್ತಾ ಹೇಳಿದಳು. ನಾನೂ ನಕ್ಕೆ.

ಮೂರು ತಿಂಗಳಾದ ಮೇಲೆ ಮತ್ತೆ ಹುಣಸೂರಿಗೆ ಹೋದೆವು. ರಕ್ತ ಕೊಟ್ಟು, ಬಸ್ ಸ್ಟ್ಯಾಂಡ್ ಹತ್ತಿರ ಇಡ್ಲಿ ತಿಂದು, ರಿಪೋರ್ಟ್ ಹಿಡಿದು ಡಾಕ್ಟರ ಮುಂದೆ ಕೂತೆವು. ಡಾಕ್ಟರಮ್ಮ ಕಾಗದ ನೋಡಿ ಕನ್ನಡಕ ತೆಗೆದರು. "ಅರೆ, ಎಷ್ಟು ಚೆನ್ನಾಗಿ ಇಳಿದಿದೆ ಸಕ್ಕರೆ! ಇದು ಒಂದು ದಿನದ್ದಲ್ಲ, ಮೂರು ತಿಂಗಳ ಲೆಕ್ಕ. ಬಿ.ಪಿ.ನೂ ಚೆನ್ನಾಗಿದೆ. ಏನ್ ಮಾಡ್ತಿದ್ದೀರೋ ಅದನ್ನೇ ಮಾಡ್ಕೊಂಡು ಹೋಗಿ."

"ತೂಕ ಇಳೀನಿಲ್ವಲ್ಲ ಮೇಡಂ" ಎಂದಳು ಭಾಗ್ಯ.

"ಕೆಲವರಿಗೆ ನಿಧಾನ, ಕೆಲವರ ಮೈ ಇಳಿಯೋದೇ ಇಲ್ಲ. ಒಳಗೆ ಒಳ್ಳೇದಾಗ್ತಾ ಇದೆ, ಅದು ಮುಖ್ಯ."

"ಅಂದ್ರೆ ನಂಗೆ ಇಳಿಯಾದೇ ಇಲ್ವಾ?"

ಅಷ್ಟರಲ್ಲಿ ಮುಂದಿನ ಟೋಕನ್ನಿನವರು ಬಾಗಿಲು ತಳ್ಳಿಕೊಂಡು ಬಂದರು.

ಬಸ್ಸಿನಲ್ಲಿ ಅವಳು ರಿಪೋರ್ಟನ್ನು ಮಡಿಲಲ್ಲಿಟ್ಟುಕೊಂಡು, "ಮನೇಲಿ ಏನಂತ ಏಳನ ಅಕ್ಕ?" ಎಂದಳು. "ಒಳ್ಳೆಯ ರಿಪೋರ್ಟೇ, ನಾನು ಎಲ್ಲರಿಗೂ ಬಿಡಿಸಿ ಹೇಳ್ತೀನಿ" ಎಂದೆ. ಹೇಳಲು ಶುರುವೂ ಮಾಡಿದೆ. ಜಗುಲಿಯ ಮೇಲೆ ಎಲ್ಲರೂ ಕೂತಿದ್ದರು. ನಾನು ಎರಡು ಮಾತು ಆಡುವಷ್ಟರಲ್ಲಿ ಮಹದೇವ, "ಕಾಗ್ದದಲ್ ಇಳುದ್ರೆ ಏನ್ ಬಂತತ್ಗೆ, ಮೈಯಲ್ ಇಳೀಬೇಕಲ್ವಾ? ಬೇಲ್ ಅಂಗೇ ಅದೆ, ಚೀಟಿ ಮಾತ್ರ ಬದ್ಲಾಗದೆ" ಎಂದ. ಎಲ್ಲರೂ ನಕ್ಕರು. ನನಗೂ ನಗು ಬಂತು. ಭಾಗ್ಯ ರಿಪೋರ್ಟು ಮಡಿಚಿಕೊಂಡು ಒಳಗೆ ಹೋದಳು. ಆ ಮನೆಯಲ್ಲಿ ಆ ಕಾಗದ ಓದಬಲ್ಲವಳು ನಾನೊಬ್ಬಳೇ. ಅವತ್ತು ನಾನು ಅದನ್ನು ಮತ್ತೆ ಕೈಗೆ ತೆಗೆದುಕೊಂಡು, ನಗು ನಿಲ್ಲಿಸಿ, ಸಾಲು ಸಾಲಾಗಿ ಓದಿ ಹೇಳಬಹುದಿತ್ತು.

ಎಲೆ ಬೇಯಿಸುವ ದಿನಗಳು ಬಂದವು. ಶೆಡ್ಡಿನಲ್ಲಿ ಕೂತು ಎಲೆ ಕಟ್ಟುವಾಗ ಮಾತು ಎಲ್ಲಿಂದೆಲ್ಲಿಗೋ ಹೋಗುತ್ತದೆ. ಒಂದು ದಿನ ಮಹದೇವ ಕಡ್ಡಿಗಳನ್ನು ಹೊತ್ತು ಬ್ಯಾರನ್ನಿಗೆ ಏರಿಸುತ್ತಾ, "ನೋಡಮ್ಮಿ, ಈಗ ಎತ್ತಕ್ಕಾಗದಷ್ಟು ಭಾರ, ಆರ್ ದಿನ ಬುಟ್ಟು ಈಚೆಗ್ ತೆಗುದ್ರೆ ಅತ್ತಿ ಇದ್ದಂಗೆ ಅಗುರ. ಈ ಸೊಪ್ಪಿಗೆ ವಾಕಿಂಗೂ ಬೇಡ, ಡಾಕ್ಟ್ರೂ ಬೇಡ. ನಿನ್ನೂ ಒಂದ್ಸಲ ಏರಿಸ್ಬುಡದಾ?" ಎಂದ.

"ಏರ್ಸಿ, ಯಾವ ಗ್ರೇಡ್ ಬತ್ತದೋ ನೋಡನ" ಎಂದಳು ಭಾಗ್ಯ. ಶೆಡ್ಡಿಗೆ ಶೆಡ್ಡೇ ನಕ್ಕಿತು.

ಅವಳು ಅದನ್ನು ಮನಸ್ಸಿಗೆ ತೆಗೆದುಕೊಂಡಿದ್ದಳು. ಇದು ನಮಗೆ ಗೊತ್ತಾದದ್ದು ಎಷ್ಟೋ ದಿನದ ಮೇಲೆ, ಅವಳೇ ಹೇಳಿದಾಗ. ಎಲೆ ಹಳದಿಗೆ ತಿರುಗುವ ಎರಡು ದಿನ ಬ್ಯಾರನ್ ಒಳಗೆ ಸೆಕೆ, ಹಬೆ. ಆದರೆ ಹೋಗಲಾಗದಂಥ ಬಿಸಿಯಲ್ಲ. ಎಲೆ ನೋಡಲು ನಾವೆಲ್ಲ ಒಳಗೆ ಹೋಗಿ ಬರುವುದುಂಟು. ಭಾಗ್ಯ ಹುಟ್ಟಿದಾಗಿನಿಂದ ಹೋಗಿ ಬಂದವಳು. ಮಧ್ಯಾಹ್ನ ಊಟವಾಗಿ ಎಲ್ಲರೂ ತಲೆ ಒರಗಿಸಿದಾಗ, ಗಾಳಿಗೆಂದು ಬಾಗಿಲನ್ನು ಒಂದು ಗೇಣು ತೆರೆದಿಟ್ಟು, ಒಳಗೆ ಗೋಣಿಚೀಲ ಹಾಸಿಕೊಂಡು ಕೂರುತ್ತಿದ್ದಳು. ಮೊದಲು ಹತ್ತು ನಿಮಿಷ. ಆಮೇಲೆ ಅರ್ಧ ಗಂಟೆ. ನೀರು ಕುಡಿದರೆ ತೂಕ ಹೆಚ್ಚುತ್ತದೆಂದು ನೀರನ್ನೂ ಕಮ್ಮಿ ಮಾಡಿದ್ದಳು.

ಆ ಭಾನುವಾರ ಯಂತ್ರ ಎಂಬತ್ತೆರಡೂವರೆ ತೋರಿಸಿತು. ಮಹದೇವ ಕೂಗಿದ ಕೂಗಿಗೆ ಪಕ್ಕದ ಮನೆಯವರೂ ಬಂದರು. "ಬಿತ್ತು ಕಣ್ರಪ್ಪೋ, ಬಿತ್ತು!" ಅತ್ತೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿ ಸೊಸೆಯ ದೃಷ್ಟಿ ತೆಗೆದರು. ಮೂರು ತಿಂಗಳು ಅವಳು ಬೆಳಗಾಗೆದ್ದು ನಡೆದದ್ದಕ್ಕೆ ಯಾರೂ ದೃಷ್ಟಿ ತೆಗೆದಿರಲಿಲ್ಲ. ಬರೀ ಬೆವರು ಹರಿದು ಹೋದದ್ದಕ್ಕೆ ತೆಗೆದರು. ಯಾರಿಗೂ ಅದು ಗೊತ್ತಿರಲಿಲ್ಲ. ಭಾಗ್ಯಳ ಮುಖ ಕೆಂಪಾಗಿತ್ತು, ತುಟಿ ಒಡೆದಿತ್ತು. ನಾನು ನೋಡಿದೆ. ನನ್ನನ್ನು ಹಿಂದೆ ಹಾಕಿಬಿಡುತ್ತಾಳೋ ಏನೋ ಎಂಬ ಸಣ್ಣತನವೂ ಒಂದು ಕ್ಷಣ ಬಂದುಹೋಯಿತು.

ಮುಂದಿನ ಶುಕ್ರವಾರ. ಎರಡನೆಯ ಬ್ಯಾರನ್ನಿಗೆ ಹೊಸ ಎಲೆ ಏರಿಸಿ ಎರಡು ದಿನವಾಗಿತ್ತು. ಅಂದಿನಿಂದ ಬಿಸಿ ಏರಿಸಬೇಕು. ಮೂರು ಗಂಟೆಯ ಹೊತ್ತಿಗೆ ನಾನು ಶೆಡ್ಡಿಗೆ ಕಾಫಿ ತೆಗೆದುಕೊಂಡು ಹೋಗುತ್ತಿದ್ದೆ. ದಾರಿಯಲ್ಲಿ ಬ್ಯಾರನ್ ಬಾಗಿಲು ಒಂದು ಗೇಣು ತೆರೆದಿದ್ದು ಕಂಡಿತು. ನಮ್ಮ ಸೀಮೆಯಲ್ಲಿ ಬೇಯುತ್ತಿರುವ ಬ್ಯಾರನ್ನಿನ ಬಾಗಿಲು ತೆರೆದಿದ್ದು ಕಂಡರೆ ಯಾರೂ ಹಾಗೇ ಮುಂದೆ ಹೋಗುವುದಿಲ್ಲ. ಗಾಳಿ ನುಗ್ಗಿದರೆ ಎಲೆಯ ಬಣ್ಣ ಕೆಡುತ್ತದೆ. ಬೇರೆಯವರ ಬ್ಯಾರನ್ ಆದರೂ ತಳ್ಳಿ ಚಿಲಕ ಹಾಕಿ ಹೋಗುತ್ತಾರೆ. ಇದನ್ನು ನನಗೆ ಕಲಿಸಿದವಳೂ ಭಾಗ್ಯಳೇ. ನಾನು ಎಡಗೈಯಲ್ಲಿ ಫ್ಲಾಸ್ಕ್ ಹಿಡಿದುಕೊಂಡು ಬಲಗೈಯಲ್ಲಿ ಬಾಗಿಲು ತಳ್ಳಿ ಚಿಲಕ ಹಾಕಿದೆ. ಒಳಗೆ ಇಣುಕಲಿಲ್ಲ. ಇಣುಕಲು ಕಾರಣವೇ ಇರಲಿಲ್ಲ. ಅದೇ ಹೊತ್ತಿಗೆ ಆ ಕಡೆ ಒಲೆಯ ಹತ್ತಿರ ಮಹದೇವ ಸೌದೆ ಹಾಕುತ್ತಿದ್ದ.

ಶೆಡ್ಡಿನಲ್ಲಿ ಕಾಫಿ ಕೊಟ್ಟೆ. "ಭಾಗ್ಯ ಎಲ್ಲಿ?" ಎಂದು ಯಾರೋ ಕೇಳಿದರು. ಮನೆಯಲ್ಲಿ ಮಲಗಿರಬೇಕೆಂದೆ. ಒಂದು ಕಡ್ಡಿ ಎಲೆ ಕಟ್ಟಿದೆ, ಇನ್ನೊಂದು ಕಟ್ಟಿದೆ. ಅವಳ ಲೋಟದ ಕಾಫಿ ಆರಿ ಕೆನೆ ಕಟ್ಟಿತು. ಮನೆಗೆ ಹೋಗಿ ನೋಡಿದೆ, ಇಲ್ಲ. ಹಿತ್ತಲಲ್ಲಿ ಇಲ್ಲ. ವಾಪಸ್ ಬರುವಾಗ ಸೌದೆ ರಾಶಿಯ ಹಿಂದೆ, ಯಾರಿಗೂ ಕಾಣದಂತೆ, ಅವಳ ಚಪ್ಪಲಿ ಜೋಡಿಯಾಗಿ ಬಿಟ್ಟಿದ್ದು ಕಂಡಿತು.

ಚಪ್ಪಲಿ ಕಂಡದ್ದಕ್ಕೂ ಬಾಗಿಲು ತೆರೆದದ್ದಕ್ಕೂ ನಡುವೆ ನಾನು ಓಡಿದೆನೋ ಕೂಗಿದೆನೋ ಈಗಲೂ ನೆನಪಿಗೆ ಬರುವುದಿಲ್ಲ. ಚಿಲಕ ಬಿಸಿಯಾಗಿತ್ತು ಎಂಬುದು ನೆನಪಿದೆ. ಒಳಗಿನ ಬಿಸಿಯುಸಿರು ಮುಖಕ್ಕೆ ಹೊಡೆಯಿತು. ಭಾಗ್ಯ ಬಾಗಿಲಿನಿಂದ ಎರಡು ಮಾರು ದೂರದಲ್ಲಿ ಗೋಣಿಚೀಲದ ಮೇಲೆ ಮಗ್ಗುಲಾಗಿ ಬಿದ್ದಿದ್ದಳು. ಮೈ ಮುಟ್ಟಿದರೆ ಸುಡುತ್ತಿತ್ತು. ಬೆವರೇ ಇರಲಿಲ್ಲ. ಕಣ್ಣು ಅರ್ಧ ತೆರೆದಿದ್ದವು, ನನ್ನನ್ನು ನೋಡುತ್ತಿರಲಿಲ್ಲ. ಎಳೆದುಕೊಂಡು ಬರಲು ನನ್ನಿಂದಾಗಲಿಲ್ಲ. ಆ ಹೊತ್ತಿನಲ್ಲೂ ಅವಳ ತೂಕ ನನ್ನ ತಲೆಗೆ ಬಂತು. ಅದಕ್ಕೆ ನನ್ನನ್ನು ನಾನು ಇನ್ನೂ ಕ್ಷಮಿಸಿಲ್ಲ.

ಮಹದೇವ ಬಂದು ಎತ್ತಿದ. ತೊಟ್ಟಿಯ ನೀರನ್ನೆಲ್ಲ ಅವಳ ಮೇಲೆ ಸುರಿದೆವು. ಪಕ್ಕದ ಮನೆಯ ಗೂಡ್ಸ್ ಆಟೋದಲ್ಲಿ ಮಲಗಿಸಿ, ದಾರಿಯುದ್ದಕ್ಕೂ ಒದ್ದೆ ಸೀರೆ ಹಿಂಡಿ ಹಿಂಡಿ ಹೊದಿಸುತ್ತಾ ಹುಣಸೂರಿಗೆ ಹೋದೆವು. ಅಲ್ಲಿ ಡ್ರಿಪ್ ಹಾಕಿ ಆಂಬುಲೆನ್ಸ್‌ನಲ್ಲಿ ಮೈಸೂರಿಗೆ ಕಳಿಸಿದರು. ಆ ಒಂದು ಗಂಟೆಯ ದಾರಿಯಲ್ಲಿ ಅವಳಿಗೆ ಎರಡು ಸಲ ಫಿಟ್ಸ್ ಬಂತು.

ಆಸ್ಪತ್ರೆಯಲ್ಲಿ ಐ.ಸಿ.ಯು. ಬಾಗಿಲು ದಿನಕ್ಕೆರಡು ಸಲ ತೆರೆಯುತ್ತಿತ್ತು. ಉಳಿದ ಹೊತ್ತೆಲ್ಲ ಕಾರಿಡಾರು. ಕಿಡ್ನಿ ಕೆಲಸ ನಿಲ್ಲಿಸಿದೆ ಎಂದರು, ಡಯಾಲಿಸಿಸ್ ಎಂದರು. ಸಹಿ ಹಾಕುವಾಗ ಮಹದೇವನ ಅಕ್ಷರ ಗೆರೆಯಾಗಿ ಜಾರಿಹೋಯಿತು. ಅವನು ಗೋಡೆಗೆ ತಲೆಯಿಟ್ಟು, "ನಾನೇ ಸೌದೆ ಆಕ್ದೆ ಅತ್ಗೆ. ಒಳಗೆ ನನ್ ಎಂಡ್ತಿ ಅವ್ಳೆ, ಈಚೆಗೆ ನಾನ್ ಸೌದೆ ಆಕ್ತಾ ಇದ್ದೀನಿ" ಎಂದು ಅತ್ತ.

ಆಗ ನಾನು ಹೇಳಬೇಕಿತ್ತು. ಚಿಲಕ ಹಾಕಿದವಳು ನಾನೆಂದು. ಅವನು ಒಂದು ಸಲವೂ ಬಾಗಿಲ ವಿಷಯ ಕೇಳಲಿಲ್ಲ. ಚಿಲಕ ತೆಗೆದವಳೂ ನಾನೇ ಆದದ್ದರಿಂದ, ಬಾಗಿಲು ಅವಳೇ ಮುಚ್ಚಿಕೊಂಡಿರಬೇಕೆಂದು ಎಲ್ಲರೂ ತಿಳಿದಿದ್ದರು. ನಾನು ಅವನ ಬೆನ್ನ ಮೇಲೆ ಕೈಯಿಟ್ಟು, "ನಿನ್ನ ತಪ್ಪಿಲ್ಲ ಕಣಪ್ಪ" ಎಂದಷ್ಟೇ ಹೇಳಿದೆ.

ಪಕ್ಕದಲ್ಲಿ ಎಚ್.ಡಿ. ಕೋಟೆ ಕಡೆಯ ಒಬ್ಬ ಹೆಂಗಸು ಚಾಪೆ ಹಾಸಿಕೊಂಡಿದ್ದರು. ಅವರ ಯಜಮಾನರು ಒಳಗಿದ್ದರು. ನಾನು ಎರಡು ದಿನ ಏನೂ ತಿಂದಿಲ್ಲ ಎಂದು ನೋಡಿಯೇ ತಿಳಿದುಕೊಂಡು, ಡಬ್ಬಿ ಬಿಚ್ಚಿ ರೊಟ್ಟಿ ಮುರಿದು ಕೈಗಿಟ್ಟರು. "ತಿನ್ನವ್ವ. ಒಳಗಿರೋರು ಈಚೆಗ್ ಬಂದಾಗ ಎತ್ತಿ ಕೂರ್ಸಕ್ಕೆ ನಿನ್ ಕೈಲಿ ಸಕ್ತಿ ಬೇಡ್ವಾ?" ಅವರ ಹೆಸರು ಕೇಳಲಿಲ್ಲ. ಐದನೆಯ ದಿನ ಬೆಳಿಗ್ಗೆ ನಾನು ಮುಖ ತೊಳೆದು ಬರುವಷ್ಟರಲ್ಲಿ ಅವರ ಜಾಗ ಖಾಲಿಯಾಗಿತ್ತು. ಚಾಪೆಯನ್ನು ನಮಗೆ ಬಿಟ್ಟುಹೋಗಿದ್ದರು. ಯಜಮಾನರು ಏನಾದರು ಎಂದು ಸೆಕ್ಯೂರಿಟಿಯವರನ್ನು ಕೇಳಲು ಧೈರ್ಯವಾಗಲಿಲ್ಲ.

ಆ ಮಧ್ಯಾಹ್ನವೇ ಭಾಗ್ಯ ಕಣ್ಣು ಬಿಟ್ಟಳು. ನನ್ನನ್ನು ಒಳಗೆ ಬಿಟ್ಟಾಗ ಏನೋ ಹೇಳಲು ಪ್ರಯತ್ನಿಸುತ್ತಿದ್ದಳು. ಬಗ್ಗಿ ಕಿವಿಯಿಟ್ಟೆ. ಮಾತು ತೊದಲುತ್ತಿತ್ತು. ಮೂರನೆಯ ಸಲ ಅರ್ಥವಾಯಿತು. "ಎಲೆ ಬಣ್ಣ ಕೆಟ್ಟೋಯ್ತಾ ಅಕ್ಕ?"

ಹೊರಗೆ ಬಂದು ಅತ್ತುಬಿಟ್ಟೆ. ಚಿಕ್ಕ ವಯಸ್ಸಿನ ಡಾಕ್ಟರೊಬ್ಬರು ನಿಂತು ಸಮಾಧಾನ ಹೇಳಿದರು. ನಾನು ಹುಣಸೂರಿನ ರಿಪೋರ್ಟನ್ನು ಅವರಿಗೆ ತೋರಿಸಿದೆ. ಅವರು ನಿಧಾನವಾಗಿ ಓದಿ, "ಇವರ ಸಕ್ಕರೆ ಇಷ್ಟು ಹಿಡಿತದಲ್ಲಿ ಇರದಿದ್ದರೆ ನಮಗೆ ತುಂಬಾ ಕಷ್ಟ ಆಗ್ತಿತ್ತು. ಈ ಮೂರು ತಿಂಗಳು ಅವರು ಮಾಡಿದ್ದು ವ್ಯರ್ಥ ಆಗಿಲ್ಲ" ಎಂದರು. ಇಡೀ ಮನೆ ನಕ್ಕಿದ್ದ ಕಾಗದ ಅದು.

ಮೂರು ಡಯಾಲಿಸಿಸ್ ಆದ ಮೇಲೆ ಮೂತ್ರ ಬರತೊಡಗಿತು. ಹದಿನಾರನೆಯ ದಿನ ಮನೆಗೆ ಕರೆತಂದೆವು. ಕಿಡ್ನಿ ಪೂರ್ತಿ ಮೊದಲಿನಂತಾಗಿಲ್ಲ. ಉಪ್ಪು ಕಮ್ಮಿ, ತಿಂಗಳಿಗೊಮ್ಮೆ ರಕ್ತ ಪರೀಕ್ಷೆ. ಆ ಬಿಸಿ ತಲೆಗೂ ಪೆಟ್ಟು ಕೊಟ್ಟಿತ್ತು. ನಡೆದರೆ ತೆಪ್ಪದ ಮೇಲೆ ನಿಂತವಳಂತೆ ಓಲಾಡುತ್ತಾಳೆ. ಲೋಟ ಹಿಡಿದರೆ ಕೈ ನಡುಗುತ್ತದೆ. ಡೈರಿ ಮುಂದೆ ಎಲ್ಲರ ಬಾಯಿ ಮುಚ್ಚಿಸುತ್ತಿದ್ದವಳು ಈಗ ಒಂದೊಂದೇ ಮಾತನ್ನು ಎಳೆದೆಳೆದು ಆಡುತ್ತಾಳೆ.

ಮನೆಗೆ ಬಂದಾಗ ಅವಳು ಎಪ್ಪತ್ತಮೂರು ಕೆ.ಜಿ. ಡಾಕ್ಟರು ಹೇಳಿದ್ದ ಹತ್ತು ಇಳಿದು, ಮೇಲೊಂದು ಇಳಿದಿತ್ತು. ನೋಡಲು ಬಂದ ನೆಂಟರಲ್ಲಿ ಒಬ್ಬಾಕೆ, "ಏನೇ ಆಗ್ಲಿ, ಸಣ್ಣ ಆಗಿ ಲಕ್ಷಣವಾಗಿ ಕಾಣ್ತೀಯ ಬುಡು" ಎಂದರು. ಅತ್ತೆ ಎದ್ದು ನಿಂತರು. "ನಮ್ ಮನೇಲಿ ತೂಕದ್ ಮಾತ್ ಆಡಂಗಿದ್ರೆ ಕಾಫಿ ಕುಡುದ್ಬುಟ್ಟು ಎದ್ದೋಗವ್ವ" ಎಂದರು. ಮಾರನೆಯ ದಿನ ಮಹದೇವ ತೂಕದ ಯಂತ್ರಕ್ಕೆ ಚೀಲ ಮುಚ್ಚಿ ಹಗ್ಗ ಕಟ್ಟಿದ. ಬೇಲ್ ತೂಗುವಾಗ ಮಾತ್ರ ಬಿಚ್ಚುತ್ತಾನೆ.

ಅವನು ಒಲೆಗೆ ಸೌದೆ ಹಾಕುವುದನ್ನೂ ಬಿಟ್ಟ. ನಮ್ಮನೆಯವರೇ ಹಾಕಬೇಕಾಯಿತು. ಅದನ್ನು ಎಷ್ಟು ದಿನ ನೋಡಿಕೊಂಡಿರಲಿ? ಒಂದು ಸಂಜೆ ಶೆಡ್ಡಿನಲ್ಲಿ ಅವನೊಬ್ಬನೇ ಇದ್ದಾಗ ಹೋಗಿ ಎಲ್ಲ ಹೇಳಿದೆ. ತೆರೆದಿದ್ದ ಬಾಗಿಲು, ಫ್ಲಾಸ್ಕು, ಚಿಲಕ. "ತೆರ್ದಿದ್ದು ಕಂಡಿದ್ರೆ ನಾನೂ ಆಕ್ತಿದ್ದೆ ಅತ್ಗೆ" ಎಂದ ಅವನು. ಆಮೇಲೆ, "ಅವ್ಳಿಗ್ ಏಳ್ಬೇಡಿ" ಎಂದ.

ಹೇಳಲಿಲ್ಲ. ಐದು ತಿಂಗಳು ಹೇಳಲಿಲ್ಲ. ಆದರೆ ಚಿಲಕದ ಸದ್ದು ದಿನಕ್ಕೊಂದು ಸಲವಾದರೂ ನನ್ನ ಕಿವಿಯಲ್ಲಿ ಆಗುತ್ತಲೇ ಇತ್ತು. ಅನ್ನ ಬಸಿಯುವಾಗ, ಬಸ್ಸಿನಲ್ಲಿ ಕೂತಾಗ. ಒಂದೊಂದು ದಿನ ಮನಸ್ಸಿನಲ್ಲೇ ಅವತ್ತಿಗೆ ಹೋಗಿ ನಾನು ಇಣುಕಿ ನೋಡುತ್ತೇನೆ, ಅವಳು ಬೈಸಿಕೊಂಡು ನಗುತ್ತಾ ಎದ್ದು ಬರುತ್ತಾಳೆ. ಇನ್ನೊಂದು ದಿನ ಶೆಡ್ಡಿನಲ್ಲಿ ಎರಡು ಕಡ್ಡಿಯ ಬದಲು ನಾಲ್ಕು ಕಡ್ಡಿ ಎಲೆ ಕಟ್ಟಿಬಿಡುತ್ತೇನೆ, ಬಾಗಿಲು ತೆರೆಯುವಷ್ಟರಲ್ಲಿ ತಡವಾಗಿರುತ್ತದೆ.

ಭಾಗ್ಯ ಮತ್ತೆ ನಡೆಯುತ್ತಾಳೆ. ಮೊದಲು ಜಗುಲಿಯಿಂದ ಹಿತ್ತಲವರೆಗೆ, ಆಮೇಲೆ ಡೈರಿಯವರೆಗೆ, ನನ್ನ ತೋಳು ಹಿಡಿದುಕೊಂಡು. ಊಟ ಸೇರತೊಡಗಿದ ಮೇಲೆ ಮೈಯೂ ತುಂಬಿಕೊಳ್ಳುತ್ತಾ ಬಂದಿದೆ. ಮತ್ತೆ ಎಂಬತ್ತರ ಹತ್ತಿರ ಇದ್ದಾಳೆಂದು ಕ್ಲಿನಿಕ್ಕಿನ ಚೀಟಿ ಹೇಳುತ್ತದೆ. ಅಲ್ಲಿಂದ ಕೆಳಗೆ ಜಗ್ಗುವುದಿಲ್ಲ. ಸಕ್ಕರೆ ಹಿಡಿತದಲ್ಲಿದೆ. ಪ್ರತಿ ರಿಪೋರ್ಟನ್ನೂ ನಾನು ಈಗ ಜಗುಲಿಯ ಮೇಲೆ ನಿಂತು ಎಲ್ಲರಿಗೂ ಕೇಳುವಂತೆ ಓದುತ್ತೇನೆ. ಎಂದೂ ಇಳಿಯದಿರಬಹುದಾದ ಮೈಯನ್ನು ದಿನಾ ಬೆಳಿಗ್ಗೆ ಎಬ್ಬಿಸಿ ನಡೆಸಿಕೊಂಡು ಹೋಗುವುದು ಎಷ್ಟು ಕಷ್ಟವೆಂದು ಅವಳ ಪಕ್ಕದಲ್ಲಿದ್ದ ನನಗೇ ಗೊತ್ತಾಗಿರಲಿಲ್ಲ. ನಿಮ್ಮ ಮನೆಯಲ್ಲೂ ಹಾಗೆ ನಡೆಯುವವರು ಒಬ್ಬರಿರಬಹುದು. ಅವರನ್ನು ನೆನೆದು ಇಷ್ಟು ಬರೆದೆ. ಅವರೇ ಇದನ್ನು ಓದುತ್ತಿದ್ದರೆ, ನಿಮ್ಮಂಥವಳೊಬ್ಬಳು ಹುಣಸೂರಿನ ಈ ಕಡೆಯೂ ನಡೆಯುತ್ತಿದ್ದಾಳೆ.

ಹೋದ ತಿಂಗಳು, ಮೊದಲ ಸಲ ಡೈರಿ ದಾಟಿ ಬಸ್ ಸ್ಟಾಪಿನ ದಾರಿ ಹಿಡಿದ ದಿನ, ನನಗೆ ತಡೆಯಲಾಗಲಿಲ್ಲ. ಅರ್ಧ ದಾರಿಯಲ್ಲಿ ನಿಂತು, "ಭಾಗ್ಯ, ಅವತ್ತು ಬ್ಯಾರನ್ ಚಿಲಕ ಹಾಕಿದ್ದು ನಾನು" ಎಂದೆ.

ಅವಳು ನನ್ನ ಕಡೆ ತಿರುಗಲಿಲ್ಲ. ಮಾತು ಜೋಡಿಸಿಕೊಳ್ಳಲು ಅವಳಿಗೆ ಹೊತ್ತು ಬೇಕು.

"ಗೊತ್ತು ಅಕ್ಕ. ನಿಮ್ ಬಳೆ ಸದ್ ಕೇಳ್ತು."

"ಕೇಳ್ತಾ? ಎಚ್ಚರ ಇತ್ತಾ ನಿನಗೆ? ಮತ್ತೆ ಯಾಕೆ ಕೂಗಲಿಲ್ಲ?"

"ಕೂಗ್ಬೇಕು ಅಂತಿದ್ದೆ." ಒಂದೊಂದೇ ಮಾತು ಬಂತು. "ಇಲ್ ಕೂತಿರದ್ ಕಂಡ್ರೆ ನಗ್ತೀರ ಅಂತ… ನೀವು ಶೆ‌ಡ್ ಗಂಟ ಓಗ್ಲಿ, ಆಮೇಕೆ ಬಾಗ್ಲು ಬಡ್ದು ಒಲೆ ತಾವಿದ್ದ ಅವರ್ನ ಕರೆಯನ ಅಂದ್ಕಂಡೆ. ಆಮೇಕೆ ಏಳಕ್ಕೇ ಆಗ್ನಿಲ್ಲ."

ಡೈರಿಯ ಕಡೆಯಿಂದ ಕ್ಯಾನುಗಳ ಸದ್ದು ಬರುತ್ತಿತ್ತು. ನಾನು ಅಲ್ಲೇ ನಿಂತಿದ್ದೆ. ಅವಳು ನನ್ನ ತೋಳು ಬಿಟ್ಟು, ಎರಡೂ ಕೈ ಸ್ವಲ್ಪ ಅಗಲಿಸಿ ತೂಕ ಹಿಡಿದುಕೊಂಡು, ಓಲಾಡುತ್ತಾ ನಾಲ್ಕು ಹೆಜ್ಜೆ ಒಬ್ಬಳೇ ಮುಂದೆ ಹೋದಳು. ನಿಂತು, ಹಿಂದಿರುಗಿ ನೋಡದೆ, ಕೈಯನ್ನು ನನ್ನ ಕಡೆಗೆ ಚಾಚಿದಳು.

"ಬನ್ನಿ ಅಕ್ಕ. ಒಬ್ಳೇ ಓದ್ರೆ ಬಿದ್ದೋಯ್ತೀನಿ."